ಯಾರ ಸಾವನ್ನು ಯಾರು ಎಣಿಸಿದರು? – ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ನಮಸ್ಕಾರ.

‘ಯುದ್ಧವೂ ಜನರ ಮನಸ್ಸೂ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆವು. ವಿಯೆಟ್ನಾಂ, ಇರಾಕ್, ಹಿರೋಶಿಮಾ, ಜಪಾನ್–ಫಿನ್ಲೆಂಡ್ ಹೋಲಿಕೆ, ಕೊನೆಗೆ ಭಾರತ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ತೀರ್ಮಾನ ಇಷ್ಟು: ಅಮೆರಿಕನ್ನರಿಗೆ ತಮ್ಮ ಸೈನಿಕರ ಸಾವಷ್ಟೇ ಕಾಣುತ್ತದೆ, ಪರದೇಶದವರ ಸಾವು ಕಾಣುವುದಿಲ್ಲ, ಯಾಕೆಂದರೆ ಅವರದು ಕಲ್ಲುಮನಸ್ಸು, ಭಾರತೀಯರು ಹಾಗಲ್ಲ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಹಾಗೆಂದು ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಇರಾಕ್ ಕುರಿತ ನಿಮ್ಮ ಎರಡು ಪ್ಯಾರಾಗಳಲ್ಲಿ ಒಂದು ಒಳ್ಳೆಯ ಲೇಖನ ಅಡಗಿದೆ. ಅದನ್ನು ಹೊರತೆಗೆಯಲು ಉಳಿದದ್ದರಲ್ಲಿ ಬಹುಪಾಲನ್ನು ಬಿಡಬೇಕಾಗುತ್ತದೆ.

ಮೊದಲು ವಿಯೆಟ್ನಾಂ. 1968ರ ಜನವರಿ ಕೊನೆಯಲ್ಲಿ ಕಮ್ಯುನಿಸ್ಟ್ ಪಡೆಗಳು ದಕ್ಷಿಣ ವಿಯೆಟ್ನಾಂನ ಊರುಗಳ ಮೇಲೆ ನಡೆಸಿದ ಟೆಟ್ ದಾಳಿಯನ್ನು ಟಿವಿಯಲ್ಲಿ ಕಂಡ ಮೇಲೆ ಜನ ಯುದ್ಧದ ವಿರುದ್ಧ ತಿರುಗಿದರು, ಯುವಕರು ಮುಂದಾಳುಗಳಾದರು ಎಂದಿದ್ದೀರಿ. ಕೇಳಲು ಚೆನ್ನಾಗಿದೆ, ಅಂಕಿಗಳು ಒಪ್ಪುವುದಿಲ್ಲ. ವಿಯೆಟ್ನಾಂಗೆ ಸೇನೆ ಕಳಿಸಿದ್ದು ತಪ್ಪಾಯಿತೇ ಎಂಬ ಒಂದೇ ಪ್ರಶ್ನೆಯನ್ನು ಅಮೆರಿಕದ ಸಮೀಕ್ಷಾ ಸಂಸ್ಥೆ ಗ್ಯಾಲಪ್ ವರ್ಷಗಟ್ಟಲೆ ಕೇಳುತ್ತ ಬಂತು. 1965ರ ಆಗಸ್ಟ್‌ನಲ್ಲಿ ‘ತಪ್ಪಾಯಿತು’ ಎಂದವರು ಶೇ 24. 1967ರ ಅಕ್ಟೋಬರ್‌ನಲ್ಲಿ ಶೇ 47, ‘ತಪ್ಪಲ್ಲ’ ಎಂದವರು ಶೇ 44. ಅಂದರೆ ಟೆಟ್‌ಗೆ ಮೂರು ತಿಂಗಳು ಮೊದಲೇ ತಕ್ಕಡಿ ವಾಲಿತ್ತು. ದಾಳಿಯಾದ ಕೂಡಲೇ ನಡೆದ ಸಮೀಕ್ಷೆಯಲ್ಲಿ ಈ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು; ಯುದ್ಧವನ್ನು ಇನ್ನೂ ಜೋರು ಮಾಡಿ ಎನ್ನುವವರ ಪ್ರಮಾಣ ಕೆಲವು ವಾರಗಳ ಮಟ್ಟಿಗೆ ಏರಿತು ಕೂಡ. ‘ತಪ್ಪಾಯಿತು’ ಎಂದವರು ಶೇ 53 ಆದದ್ದು 1968ರ ಆಗಸ್ಟ್‌ನಲ್ಲಿ, ಶೇ 61 ಮುಟ್ಟಿದ್ದು 1971ರ ಮೇನಲ್ಲಿ.

ಯುವಕರ ಮಾತು ಇನ್ನೂ ತಲೆಕೆಳಗಾಗಿದೆ. ಕಾಲೇಜು ಅಂಗಳದ ಮೆರವಣಿಗೆಗಳ ಫೋಟೊಗಳನ್ನು ನೋಡಿ ಬರೆದಂತಿದೆ. ಅದೇ ವರ್ಷಗಳ ಸಮೀಕ್ಷೆಗಳನ್ನು ವಯಸ್ಸಿನ ಪ್ರಕಾರ ಬಿಡಿಸಿದರೆ ಮೂವತ್ತರೊಳಗಿನವರೇ ಯುದ್ಧವನ್ನು ಹೆಚ್ಚು ಬೆಂಬಲಿಸಿದವರು, ಐವತ್ತರ ಆಚೆಯವರೇ ಹೆಚ್ಚು ಅನುಮಾನಿಸಿದವರು. ರಾಜಕೀಯ ವಿಜ್ಞಾನಿ ಜಾನ್ ಮ್ಯುಲ್ಲರ್ 1970ರ ದಶಕದ ಮೊದಲಲ್ಲೇ ಇದನ್ನು ತೋರಿಸಿಕೊಟ್ಟರು. ಬೀದಿಗಿಳಿದವರು ಯುವಕರು ಎಂಬುದು ನಿಜ, ಯುವಕರೆಲ್ಲ ಬೀದಿಗಿಳಿದರು ಎಂಬುದು ಸುಳ್ಳು.

‘ತಪ್ಪಾಯಿತು’ ಎಂದವರನ್ನೆಲ್ಲ ನೀವು ಶಾಂತಿಪ್ರಿಯರೆಂದು ಎಣಿಸಿಬಿಟ್ಟಿದ್ದೀರಿ. ಈ ವಿಷಯದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಸೈನ್ಯ ಕಳಿಸಿದ್ದು ತಪ್ಪು, ಕಳಿಸಿದ ಮೇಲೆ ಗೆಲ್ಲದೆ ಕೂತದ್ದು ಇನ್ನೂ ತಪ್ಪು ಎನ್ನುವವನೂ ಅದೇ ಉತ್ತರ ಕೊಡುತ್ತಾನೆ. 1968ರ ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಯುದ್ಧವಿರೋಧಿ ಸೆನೆಟರ್ ಯುಜೀನ್ ಮೆಕಾರ್ಥಿ ಶೇ 42ರಷ್ಟು ಮತ ಪಡೆದು ಅಧ್ಯಕ್ಷ ಜಾನ್ಸನ್‌ರನ್ನು ನಡುಗಿಸಿದರಲ್ಲ, ಅವರಿಗೆ ಮತ ಹಾಕಿದವರನ್ನು ಆಮೇಲೆ ವಿಚಾರಿಸಿದಾಗ ಯುದ್ಧ ಇನ್ನೂ ಬಿರುಸಾಗಬೇಕೆನ್ನುವವರೇ ಹೆಚ್ಚಿದ್ದರು. ಸಮೀಕ್ಷೆಯ ಅಂಕಿ ಕೊಡುವಾಗ ಕೇಳಿದ ಪ್ರಶ್ನೆಯನ್ನು ಪೂರ್ತಿ ಬರೆಯಿರಿ. ಪ್ರಶ್ನೆ ಸಿಗದಿದ್ದರೆ ಅಂಕಿಯನ್ನೇ ಕೈಬಿಡಿ.

ಮೈ ಲಾಯ್ ಭಾಗದಲ್ಲಿಯೂ ಇದೇ ಎಡವಟ್ಟು. 1968ರ ಮಾರ್ಚ್ 16ರಂದು ಆ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಕೊಂದವರು ಅಮೆರಿಕ ಸೇನೆಯ ಲೆಕ್ಕದಲ್ಲಿ 347, ವಿಯೆಟ್ನಾಂನ ಸ್ಮಾರಕದ ಲೆಕ್ಕದಲ್ಲಿ 504. ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ, 1971ರಲ್ಲಿ. ಆ ತೀರ್ಪನ್ನು ಶೇ 79ರಷ್ಟು ಜನ ಒಪ್ಪಲಿಲ್ಲವೆಂದು ಬರೆದು, ‘ಕೊಲೆಗಾರನ ಪರ ನಿಂತ ದೇಶ’ ಎಂದು ತೀರ್ಪು ಕೊಟ್ಟಿದ್ದೀರಿ. ಅದೇ ಸಮೀಕ್ಷೆ ಮುಂದಿನ ಪ್ರಶ್ನೆಯಾಗಿ ಯಾಕೆ ಒಪ್ಪುವುದಿಲ್ಲ ಎಂದೂ ಕೇಳಿತ್ತು. ನಡೆದದ್ದು ಅಪರಾಧವೇ ಅಲ್ಲ ಎಂದವರು ಐವರಲ್ಲಿ ಒಬ್ಬರು. ಬಹುಪಾಲು ಜನರ ತಕರಾರು, ಮೇಲಿನವರನ್ನು ಬಿಟ್ಟು ಇವನೊಬ್ಬನನ್ನೇ ಸಿಕ್ಕಿಸಿದ್ದಾರೆ ಎಂಬುದಾಗಿತ್ತು. ಮೊದಲ ಸಾಲು ಸಿಕ್ಕಿದ ಖುಷಿಯಲ್ಲಿ ಎರಡನೆಯದನ್ನು ಓದದೆ ಬಿಟ್ಟಿರಬೇಕು.

ಇನ್ನೊಂದು, ‘ಎರಡು ಲಕ್ಷ ಅಮೆರಿಕನ್ ಸೈನಿಕರು ಸತ್ತರು’ ಎಂಬ ಸಾಲು. ಸತ್ತವರು ಸುಮಾರು 58 ಸಾವಿರ. ವಾಷಿಂಗ್ಟನ್‌ನ ಸ್ಮಾರಕದ ಗೋಡೆಯ ಮೇಲೆ ಒಂದೊಂದು ಹೆಸರೂ ಇದೆ. ಆಸ್ಪತ್ರೆ ಸೇರಿದ ಗಾಯಾಳುಗಳು ಸುಮಾರು ಒಂದೂವರೆ ಲಕ್ಷ. ಎರಡನ್ನೂ ಕೂಡಿಸಿದ ಮೊತ್ತ ಎಲ್ಲಿಂದಲೋ ಇಳಿದು ನಿಮ್ಮಲ್ಲಿ ಸಾವಾಗಿದೆ. ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಸಿಕ್ಕವರು, ನಾಲ್ಕಕ್ಕೂ ಬೇರೆಬೇರೆ ಸಾಲು ಇಟ್ಟುಕೊಳ್ಳಿ. ಮ್ಯುಲ್ಲರ್ ಅವರ ಸೂತ್ರವನ್ನು ಬಳಸುವುದಾದರೂ ಈ ಎಚ್ಚರ ಬೇಕು, ಯಾಕೆಂದರೆ ಅವರ ಲೆಕ್ಕದಲ್ಲಿ ಗಾಯಾಳುಗಳೂ ಸೇರಿದ್ದಾರೆ. ಸೂತ್ರ ಇದು: ಸಾವುನೋವು ಹತ್ತುಪಟ್ಟಾದಾಗಲೆಲ್ಲ ಬೆಂಬಲ ಸುಮಾರು ಶೇ 15 ಅಂಶ ಇಳಿಯುತ್ತದೆ. ನೂರು ಇದ್ದದ್ದು ಸಾವಿರವಾದರೂ ಅಷ್ಟೇ ಇಳಿತ, ಹತ್ತು ಸಾವಿರ ಇದ್ದದ್ದು ಲಕ್ಷವಾದರೂ ಅಷ್ಟೇ. ಯುದ್ಧದ ಮೊದಲ ದಿನಗಳ ಸಾವು ಬಡಿದಂತೆ ಕೊನೆಯ ದಿನಗಳದ್ದು ಬಡಿಯದು. ಆದರೆ ಸೂತ್ರದಲ್ಲಿರುವುದು ಅಮೆರಿಕದ ಸಾವುನೋವು ಮಾತ್ರ. ವಿಯೆಟ್ನಾಂ ಸರ್ಕಾರ 1995ರಲ್ಲಿ ಹೇಳಿದ ಲೆಕ್ಕ 20 ಲಕ್ಷ ನಾಗರಿಕರು, 11 ಲಕ್ಷ ಹೋರಾಟಗಾರರು. ಈ ಸಂಖ್ಯೆಗೆ ಆ ಸೂತ್ರದಲ್ಲಿ ಜಾಗವೇ ಇಲ್ಲ. ನೀವು ಹೇಳಹೊರಟ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ, ಅದನ್ನೇ ಬಿಟ್ಟಿದ್ದೀರಿ.

ಈಗ ಇರಾಕ್. 2007ರ ಫೆಬ್ರುವರಿಯಲ್ಲಿ ಎಪಿ ಸುದ್ದಿಸಂಸ್ಥೆ ಮತ್ತು ಇಪ್ಸೋಸ್ ಸಮೀಕ್ಷಾ ಸಂಸ್ಥೆ ನಡೆಸಿದ ಸಮೀಕ್ಷೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಇಡೀ ಲೇಖನ ನಿಲ್ಲಬೇಕಾದ್ದು ಅದರ ಮೇಲೆ. ಸುಮಾರು ಸಾವಿರ ಅಮೆರಿಕನ್ನರನ್ನು ಎರಡು ಸಂಖ್ಯೆ ಊಹಿಸಲು ಕೇಳಿದರು. ತಮ್ಮ ಸೈನಿಕರು ಎಷ್ಟು ಮಂದಿ ಸತ್ತರು? ನಡುವಿನ ಉತ್ತರ ಮೂರು ಸಾವಿರದ ಆಸುಪಾಸು. ನಿಜವೂ ಮೂರು ಸಾವಿರದ ನೂರರಷ್ಟು. ಇರಾಕಿ ನಾಗರಿಕರು ಎಷ್ಟು? ನಡುವಿನ ಉತ್ತರ 9,890. ಆಗ ಎಪಿಯವರೇ ಕೊಡುತ್ತಿದ್ದ ತೀರ ಜಾಗರೂಕ ಲೆಕ್ಕ 54 ಸಾವಿರಕ್ಕೂ ಮೇಲೆ. (9,890 ಎಂಬುದು ಸರಾಸರಿಯಲ್ಲ. ಅರ್ಧ ಜನ ಇದಕ್ಕಿಂತ ಕೆಳಗೆ, ಅರ್ಧ ಜನ ಮೇಲೆ ಹೇಳಿದರು ಎಂಬ ನಡುಸಂಖ್ಯೆ. ನೀವು ಸರಾಸರಿ ಎಂದಿದ್ದೀರಿ, ತಿದ್ದಿ.)

ಒಂದನ್ನು ಇಷ್ಟು ಕರಾರುವಾಕ್ಕಾಗಿ ಹೇಳಿದವರು ಇನ್ನೊಂದರಲ್ಲಿ ಐದುಪಟ್ಟು ತಪ್ಪಿದ್ದೇಕೆ? ‘ಕಲ್ಲುಮನಸ್ಸು’ ಎಂದರೆ ವಿಚಾರ ಅಲ್ಲಿಗೇ ನಿಲ್ಲುತ್ತದೆ. ವ್ಯವಸ್ಥೆಯನ್ನು ನೋಡಿ. ಅಮೆರಿಕದ ಸೈನಿಕ ಸತ್ತರೆ ಮನೆಯವರಿಗೆ ತಿಳಿಸಿ ಒಂದು ದಿನ ಕಳೆದ ಮೇಲೆ ರಕ್ಷಣಾ ಇಲಾಖೆ ಹೆಸರು, ವಯಸ್ಸು, ಊರು, ದಳ, ಸತ್ತ ಜಾಗ ಪ್ರಕಟಿಸುತ್ತದೆ. ಊರಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಪಿಬಿಎಸ್ ವಾಹಿನಿ ವಾರ್ತೆಯ ಕೊನೆಗೆ ಆ ಮುಖಗಳನ್ನು ಸದ್ದಿಲ್ಲದೆ ತೋರಿಸುತ್ತಿತ್ತು. 2004ರ ಏಪ್ರಿಲ್ 30ರಂದು ಟಿವಿ ನಿರೂಪಕ ಟೆಡ್ ಕಾಪೆಲ್ ತಮ್ಮ ಕಾರ್ಯಕ್ರಮದಲ್ಲಿ ಸತ್ತ ಸೈನಿಕರ 700ಕ್ಕೂ ಹೆಚ್ಚು ಹೆಸರು ಓದಿದರು. ಅದು ಯುದ್ಧವಿರೋಧಿ ಪ್ರಚಾರವೆಂದು ಒಂದು ವಾಹಿನಿ ಸಮೂಹ ಪ್ರಸಾರಕ್ಕೇ ಒಪ್ಪಲಿಲ್ಲ. ಶವಪೆಟ್ಟಿಗೆಗಳ ಫೋಟೊ ತೆಗೆಯುವುದಕ್ಕೆ 1991ರಿಂದ ನಿಷೇಧವಿದ್ದು, ತೆರವಾದದ್ದು 2009ರಲ್ಲಿ. ಹಾಗಾಗಿ ಸ್ವಂತ ಸಾವನ್ನು ತೋರಿಸುವುದೂ ಜಗಳದ ವಿಷಯವೇ ಆಗಿತ್ತು. ಆದರೆ ಎಣಿಕೆ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಇರಾಕಿಗಳನ್ನು ಎಣಿಸುವ ಹೊಣೆ ಯಾರಿಗೂ ಇರಲಿಲ್ಲ. ‘ನಾವು ಹೆಣ ಎಣಿಸುವುದಿಲ್ಲ’ ಎಂದು ಅಮೆರಿಕ ಸೇನೆಯ ಜನರಲ್ ಟಾಮಿ ಫ್ರಾಂಕ್ಸ್ 2002ರಲ್ಲಿ ಅಫ್ಗಾನಿಸ್ತಾನದಲ್ಲೇ ಹೇಳಿಯಾಗಿತ್ತು. ಎಣಿಸಿದವರು ಹೊರಗಿನವರು, ಅವರಲ್ಲಿ ಪ್ರತಿಯೊಬ್ಬರ ವಿಧಾನವೂ ಬೇರೆ. ಇಲ್ಲಿ ನೀವು ಜಾರಿದ್ದೀರಿ: ‘50 ಸಾವಿರದಿಂದ ಆರೂವರೆ ಲಕ್ಷದವರೆಗೆ ಬಾಯಿಗೆ ಬಂದಂತೆ ಹೇಳುತ್ತಾರೆ’ ಎಂದಿದ್ದೀರಿ. ಬಾಯಿಗೆ ಬಂದಂತೆ ಅಲ್ಲ. ಇರಾಕ್ ಬಾಡಿ ಕೌಂಟ್ ಎಂಬ ಸ್ವಯಂಸೇವಕರ ಗುಂಪು ಸುದ್ದಿ ವರದಿ ಮತ್ತು ಶವಾಗಾರದ ದಾಖಲೆಗಳಲ್ಲಿ ಸಿಕ್ಕ ನಾಗರಿಕರ ಸಾವುಗಳನ್ನಷ್ಟೇ ಪಟ್ಟಿ ಮಾಡಿತು. ವರದಿಯಾಗದ ಸಾವು ಅದರಲ್ಲಿಲ್ಲ, ಆದ್ದರಿಂದ ಅದು ಕೆಳಮಿತಿ. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ 1,849 ಮನೆಗಳನ್ನು ವಿಚಾರಿಸಿ, ಯುದ್ಧ ಆಗದಿದ್ದರೆ ಸಾಯುತ್ತಿರಲಿಲ್ಲ ಎನ್ನಬಹುದಾದ ಹೆಚ್ಚುವರಿ ಸಾವುಗಳನ್ನು ಅಂದಾಜು ಮಾಡಿತು: 6,54,965, ಸಂಭವನೀಯ ವ್ಯಾಪ್ತಿ ಸುಮಾರು 3.9 ಲಕ್ಷದಿಂದ 9.4 ಲಕ್ಷ. ಇರಾಕ್ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 9,345 ಮನೆಗಳಲ್ಲಿ ನಡೆಸಿದ, 2008ರಲ್ಲಿ ಪ್ರಕಟವಾದ ಸಮೀಕ್ಷೆ ಹಿಂಸೆಯಿಂದಾದ ಸಾವುಗಳನ್ನು ಮಾತ್ರ ಲೆಕ್ಕಿಸಿ 1,51,000 ಎಂದಿತು. ಒಂದೇ ಮೂಟೆಯನ್ನು ಮೂರು ಅಂಗಡಿಯಲ್ಲಿ ತೂಗಿ ಮೂರು ತೂಕ ಬಂದ ಹಾಗಲ್ಲ ಇದು, ಮೂಟೆಗಳೇ ಬೇರೆ. ಹಿಂಸೆಯ ಸಾವುಗಳನ್ನಷ್ಟೇ ಹೋಲಿಸಿದರೂ ಲ್ಯಾನ್ಸೆಟ್ ಅಂಕಿ ಬಹಳ ಮೇಲಿದೆ. ಅದರ ವಿಧಾನದ ಬಗ್ಗೆ ಗಟ್ಟಿ ಆಕ್ಷೇಪಗಳೂ ಬಂದವು. ಅದನ್ನೂ ಹೇಳಿ. ಮೂರರಲ್ಲಿ ನಿಮಗೆ ಬೇಕಾದ ದೊಡ್ಡದನ್ನು ಆರಿಸಿಕೊಂಡು ಮುಂದೆ ಹೋದರೆ, ವಿಷಯ ಬಲ್ಲ ಓದುಗ ಅಲ್ಲೇ ಪುಟ ಮಡಚುತ್ತಾನೆ.

ಹಿರೋಶಿಮಾ ಭಾಗ ತೆಗೆದುಹಾಕಿ. 1945ರಲ್ಲಿ ಶೇ 85ರಷ್ಟು ಅಮೆರಿಕನ್ನರು ಬಾಂಬನ್ನು ಒಪ್ಪಿದ್ದರು, 2015ರಲ್ಲಿ ಶೇ 56 ಎಂಬುದು ಸರಿ. ಅದರಿಂದ ‘ಜನ ಬದಲಾಗುತ್ತಿದ್ದಾರೆ’ ಎಂದು ನೀವು ಎಳೆದ ಗೆರೆ ಮಾತ್ರ ನಿಲ್ಲುವುದಿಲ್ಲ. ರಾಜಕೀಯ ವಿಜ್ಞಾನಿಗಳಾದ ಸ್ಕಾಟ್ ಸೇಗನ್, ಬೆಂಜಮಿನ್ ವ್ಯಾಲೆಂಟಿನೊ 2017ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಹಳೆಯ ಬಾಂಬಿನ ಬಗ್ಗೆ ಕೇಳದೆ, ಇರಾನ್ ಜತೆಗಿನ ಕಲ್ಪಿತ ಯುದ್ಧವೊಂದನ್ನು ಮುಂದಿಟ್ಟರು: ನೆಲದ ಮೇಲೆ ಹೋರಾಡಿದರೆ 20 ಸಾವಿರ ಅಮೆರಿಕನ್ ಸೈನಿಕರು ಸಾಯುತ್ತಾರೆ, ಅಣುಬಾಂಬು ಹಾಕಿದರೆ 20 ಲಕ್ಷ ಇರಾನಿ ನಾಗರಿಕರು. ಅಧ್ಯಕ್ಷರು ಬಾಂಬ್ ಹಾಕಿದರೆ ಒಪ್ಪುತ್ತೇವೆ ಎಂದವರು ಶೇ 60ರ ಹತ್ತಿರ. ಇದನ್ನು ಸೇರಿಸಬೇಕೆನಿಸಿದರೆ ಇರಾಕ್ ಭಾಗದಲ್ಲಿ ಮೂರು ಸಾಲಿನಲ್ಲಿ ಸೇರಿಸಿ. ವ್ಯವಸ್ಥೆಯ ಮೇಲೆ ಎಲ್ಲವನ್ನೂ ಹೊರಿಸಿದರೂ ಸಾಲದು ಎಂಬುದಕ್ಕೆ ಇದು ಸಾಕ್ಷಿ: ಇಲ್ಲಿ ಪರದೇಶದವರ ಸಾವಿನ ಸಂಖ್ಯೆಯನ್ನು ಕೈಗೇ ಕೊಟ್ಟಿದ್ದರು.

ದೇಶರಕ್ಷಣೆಯ ಭಾಗಕ್ಕೆ ಹೋಗೋಣ. ‘ದೇಶಕ್ಕಾಗಿ ಹೋರಾಡುವಿರಾ’ ಎಂಬ ಪ್ರಶ್ನೆಗೆ ಜಪಾನಿನಲ್ಲಿ ಶೇ 11, ಜರ್ಮನಿಯಲ್ಲಿ ಶೇ 18, ಫಿನ್ಲೆಂಡಿನಲ್ಲಿ ಶೇ 74, ಭಾರತದಲ್ಲಿ ಶೇ 75 ಎಂದು ಕೊಟ್ಟು, ‘ಗ್ಯಾಲಪ್ ಪ್ರಕಾರ’ ಎಂದಿದ್ದೀರಿ. 2015ರಲ್ಲಿ ಬಂದ ಆ ಸಮೀಕ್ಷೆ ವಿನ್–ಗ್ಯಾಲಪ್ ಇಂಟರ್‌ನ್ಯಾಷನಲ್ ಸಂಸ್ಥೆಯದ್ದು. ಅಮೆರಿಕದ ಗ್ಯಾಲಪ್‌ಗೂ ಅದಕ್ಕೂ ಸಂಬಂಧವಿಲ್ಲ. ಅನುಭವಿ ಪತ್ರಕರ್ತರೂ ಇಲ್ಲಿ ಮುಗ್ಗರಿಸಿದ್ದಾರೆ, ನಿಮ್ಮದು ದೊಡ್ಡ ಅಪರಾಧವಲ್ಲ. ದೊಡ್ಡದು ಮುಂದಿದೆ: ಈ ಅಂಕಿಗಳನ್ನು ದೇಶಭಕ್ತಿಯ ರ‍್ಯಾಂಕ್ ಪಟ್ಟಿಯಂತೆ ಓದಿದ್ದೀರಿ. ಫಿನ್ಲೆಂಡಿಗೆ ರಷ್ಯಾದೊಂದಿಗೆ 1,340 ಕಿ.ಮೀ. ಗಡಿ ಇದೆ, 1939–40ರ ಚಳಿಗಾಲದ ಯುದ್ಧದ ನೆನಪಿದೆ, ಗಂಡಸರಿಗೆ ಕಡ್ಡಾಯ ಸೇನಾ ತರಬೇತಿ ಇದೆ. ಜಪಾನಿನ 1947ರ ಸಂವಿಧಾನದ 9ನೇ ವಿಧಿ ಯುದ್ಧವನ್ನೇ ತ್ಯಜಿಸಿದೆ. ಒಬ್ಬನಿಗೆ ಆ ಪ್ರಶ್ನೆ ಗಡಿಯನ್ನು ನೆನಪಿಸುತ್ತದೆ, ಇನ್ನೊಬ್ಬನಿಗೆ ಚಕ್ರವರ್ತಿಯ ಹೆಸರಲ್ಲಿ ಸತ್ತ ತಾತನನ್ನು. ಅದೇ ಫಿನ್ಲೆಂಡಿನಲ್ಲಿ ನೇಟೊ ಸೇನಾ ಒಕ್ಕೂಟ ಸೇರಲು 2022ರವರೆಗೆ ಬಹುಮತ ಎಂದೂ ಇರಲಿಲ್ಲ. ರಷ್ಯಾ ಉಕ್ರೇನಿಗೆ ನುಗ್ಗಿದ 2022ರ ಫೆಬ್ರುವರಿ ಕೊನೆಯಲ್ಲಿ ಶೇ 53, ಮೇನಲ್ಲಿ ಶೇ 76. ಮೂರು ತಿಂಗಳಲ್ಲಿ ಯಾರ ದೇಶಭಕ್ತಿಯೂ ಅಷ್ಟು ಬೆಳೆಯುವುದಿಲ್ಲ, ಕಣ್ಣೆದುರಿನ ಅಪಾಯ ಬೆಳೆಯುತ್ತದೆ.

ಕೊನೆಗೆ ಭಾರತ. ಕಾರ್ಗಿಲ್‌ನ 527 ಹುತಾತ್ಮರ ಬಗ್ಗೆ ಎರಡು ಪುಟ ಬರೆದಿದ್ದೀರಿ. ಅವರ ಪಾರ್ಥಿವ ಶರೀರಗಳು ಊರೂರಿಗೆ ಬಂದದ್ದು, ನಮ್ಮ ಜಿಲ್ಲೆಗಳ ಜನ ರಸ್ತೆಯುದ್ದಕ್ಕೂ ನಿಂತದ್ದು, ಎಲ್ಲ ಸರಿ. ಶ್ರೀಲಂಕಾದಲ್ಲಿ 1987ರ ಜುಲೈನಿಂದ 1990ರ ಮಾರ್ಚ್‌ವರೆಗೆ ಇದ್ದ ಭಾರತೀಯ ಶಾಂತಿಪಾಲನಾ ಪಡೆಯ ಹೆಸರೇ ಇಲ್ಲ. ಅಲ್ಲಿ ಸತ್ತ ನಮ್ಮ ಸೈನಿಕರು ಸುಮಾರು 1,200, ಅಂದರೆ ಕಾರ್ಗಿಲ್‌ನ ಎರಡು ಪಟ್ಟಿಗೂ ಹೆಚ್ಚು. ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಿಸಲು ಹೋಗಲಿಲ್ಲ. ಅವರಿಗಾಗಿ ಕಾರ್ಗಿಲ್ ವಿಜಯ ದಿವಸದಂಥ ಸರ್ಕಾರಿ ದಿನವೊಂದು ಕ್ಯಾಲೆಂಡರಿನಲ್ಲಿ ಇಂದಿಗೂ ಇಲ್ಲ. ಯಾವ ಗಡಿ ಕಾಯಲು ಸತ್ತರೆಂದು ಒಂದು ವಾಕ್ಯದಲ್ಲಿ ಹೇಳಲಾಗದ ಯುದ್ಧವನ್ನು ಯಾವ ದೇಶದ ಜನರೂ ಬೇಗ ಮರೆಯುತ್ತಾರೆ.

ಅಲ್ಲಿಗೂ ಮುಗಿಯುವುದಿಲ್ಲ. ಇರಾಕಿ ನಾಗರಿಕರ ಸಂಖ್ಯೆ ಗೊತ್ತಿಲ್ಲವೆಂದು ಅಮೆರಿಕನ್ನರನ್ನು ಬೈದ ಲೇಖನದಲ್ಲಿ ಶ್ರೀಲಂಕಾದ ಜಾಫ್ನಾದ ನಾಗರಿಕರ ಬಗ್ಗೆ ಒಂದು ಸಾಲಾದರೂ ಇರಬೇಕಿತ್ತು. 1987ರ ಅಕ್ಟೋಬರ್ 21ರಂದು, ದೀಪಾವಳಿಯ ದಿನ, ಜಾಫ್ನಾದ ಆಸ್ಪತ್ರೆಯೊಳಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ 60ರಿಂದ 70 ಮಂದಿ ಸತ್ತರೆಂದು ಅಲ್ಲಿನ ಮಾನವ ಹಕ್ಕುಗಳ ದಾಖಲೆಗಳು ಹೇಳುತ್ತವೆ. ಎಲ್‌ಟಿಟಿಇ ಜತೆಗಿನ ಗುಂಡಿನ ಚಕಮಕಿಯ ನಡುವೆ ಸಿಕ್ಕಿ ಸತ್ತರೆಂದು ಭಾರತೀಯ ಸೇನೆಯ ಕಡೆಯವರು, ಚಕಮಕಿ ಮುಗಿದ ಮೇಲೂ ಗುಂಡು ಹಾರಿತೆಂದು ಬದುಕುಳಿದವರು. ಎರಡನ್ನೂ ಬರೆಯಿರಿ, ನಿಮ್ಮ ವಿಶೇಷಣಗಳನ್ನು ದೂರವಿಡಿ. ಇದನ್ನು ಬರೆದರೆ ಕೆಲವರು ಸಿಟ್ಟಾಗುತ್ತಾರೆ. ಆ ಪತ್ರಗಳಿಗೆ ಉತ್ತರಿಸುವುದು ನಮ್ಮ ಕೆಲಸ.

ತಿದ್ದಿ ಕಳಿಸುವುದಾದರೆ ಹೀಗೆ ಮಾಡಿ. 2007ರ ಎರಡು ಊಹೆಗಳಿಂದ ಆರಂಭಿಸಿ. ಯಾರು ಎಣಿಸಿದರು, ಯಾರು ಎಣಿಸಲಿಲ್ಲ ಎಂಬುದಕ್ಕೆ ಅರ್ಧ ಜಾಗ ಕೊಡಿ. ವಿಯೆಟ್ನಾಂ ಒಂದು ಪ್ಯಾರಾ ಸಾಕು. ಫಿನ್ಲೆಂಡ್–ಜಪಾನ್ ಬೇರೆಯೇ ಲೇಖನ, ಅದನ್ನು ಆಮೇಲೆ ಬರೆಯಿರಿ. ಕಾರ್ಗಿಲ್ ಮತ್ತು ಜಾಫ್ನಾ ಅಕ್ಕಪಕ್ಕ ಬರಲಿ, ತಲಾ ಇನ್ನೂರು ಪದ. ಪ್ರತಿ ಅಂಕಿಯ ಪಕ್ಕ ತಿಂಗಳು, ವರ್ಷ, ಎಣಿಸಿದವರ ಹೆಸರು, ಸತ್ತವರು ಮಾತ್ರವೋ ಗಾಯಾಳುಗಳೂ ಸೇರಿಯೋ ಎಂಬ ಸೂಚನೆ ಇರಲಿ. ಅಚ್ಚಿನಲ್ಲಿ ಬೇಡವಾದದ್ದನ್ನು ನಾವು ತೆಗೆಯುತ್ತೇವೆ. ಒಟ್ಟು 1,500 ಪದ ದಾಟದಿರಲಿ. ‘ರಕ್ತಪಿಪಾಸು’ ಎಂಬ ಪದ ನಾಲ್ಕು ಕಡೆ ಇದೆ, ನಾಲ್ಕನ್ನೂ ಹೊಡೆದುಹಾಕಿ ಕಳಿಸಿ.

– ಸಂಪಾದಕರು