ಚರ್ಮದ ಕೆಲಸಕ್ಕೆ ಕೈಯಲ್ಲಿ ಮಾಡಿದ ಚಾಕು: ಆಯ್ಕೆ, ಸಾಣೆ, ಆರೈಕೆ

ಪ್ರಶ್ನೆ: ಬೆಲ್ಟು, ಕೈಚೀಲಗಳನ್ನು ಕೈಯಲ್ಲೇ ಹೊಲಿಯುವುದನ್ನು ಕಲಿಯುತ್ತಿದ್ದೇನೆ. ಇದುವರೆಗೆ ಕಾಗದ ಕತ್ತರಿಸುವ ಬ್ಲೇಡನ್ನೇ ಬಳಸಿದ್ದೇನೆ. ಈಗ ಕೈಯಲ್ಲಿ ಮಾಡಿದ ಚಾಕುವೊಂದನ್ನು ಕೊಳ್ಳುವ ಯೋಚನೆಯಿದೆ. ಅರ್ಧಚಂದ್ರಾಕಾರದ್ದು ಒಳ್ಳೆಯದೋ, ಉಳಿಯಂತೆ ನೇರ ಬಾಯಿಯದ್ದೋ? ಯಾವ ಉಕ್ಕಿನದನ್ನು ಕೇಳಬೇಕು?

ಉತ್ತರ: ನೀವು ಹೆಚ್ಚಾಗಿ ಮಾಡುವ ಕೆಲಸವೇ ಆಕಾರವನ್ನು ನಿರ್ಧರಿಸುತ್ತದೆ. ಅರ್ಧಚಂದ್ರಾಕಾರದ ಚಾಕು ಬಹಳ ಹಳೆಯದು. ಈಜಿಪ್ಟಿನ ಥೀಬ್ಸ್‌ನಲ್ಲಿರುವ, ಕ್ರಿಸ್ತಪೂರ್ವ 15ನೆಯ ಶತಮಾನದ ಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಚಿತ್ರಗಳಲ್ಲಿ ಚರ್ಮದ ಕೆಲಸಗಾರರು ಇಂಥ ಚಾಕುವಿನಿಂದಲೇ ತೊಗಲು ಕತ್ತರಿಸುತ್ತಿದ್ದಾರೆ. ಇದರ ಹಿಡಿ ಬಾಯಿಯ ನಡುಭಾಗದ ನೇರಕ್ಕೆ ಇರುವುದರಿಂದ ಅಂಗೈಯ ಒತ್ತಡ ನೇರವಾಗಿ ಕತ್ತರಿಸುವ ಜಾಗಕ್ಕೆ ತಲುಪುತ್ತದೆ. ದಪ್ಪ ಚರ್ಮವನ್ನು ಮುಂದಕ್ಕೆ ತಳ್ಳುತ್ತ ಸೀಳಬಹುದು, ಕೊಂಬಿನಂತಿರುವ ತುದಿಯಿಂದ ತಿರುವುಗಳನ್ನು ತೆಗೆಯಬಹುದು. ಆದರೆ ಇದು ಎರಡೂ ಕಡೆ ಮೊನೆಯಿರುವ ಆಯುಧ. ಕೈ ಪಳಗುವವರೆಗೆ ನಿಧಾನವಾಗಿ ಬಳಸಬೇಕು, ಒರೆಯಿಲ್ಲದೆ ಮೇಜಿನ ಮೇಲೆ ಬಿಡಲೇಬಾರದು. ನೇರ ಬಾಯಿಯ ಚಾಕು, ಅಂದರೆ ನಮ್ಮ ರಂಪಿಗೆಯ ಜಾತಿಯದು, ಅಂಚು ಹೆರೆದು ತೆಳುಮಾಡುವುದಕ್ಕೂ ಅಳತೆಪಟ್ಟಿಯ ಪಕ್ಕದಲ್ಲಿ ನೇರವಾಗಿ ಕತ್ತರಿಸುವುದಕ್ಕೂ ಒಗ್ಗುತ್ತದೆ. ಒಂದೇ ಚಾಕು ಕೊಳ್ಳುವುದಾದರೆ ಹೊಸಬರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಈ ಬಗೆಯ ಚಾಕುಗಳಿಗೆ ಸಾಮಾನ್ಯವಾಗಿ ಒಂದೇ ಮಗ್ಗುಲಿನಲ್ಲಿ ಇಳಿಜಾರು ಇರುತ್ತದೆ. ಆದ್ದರಿಂದ ನೀವು ಎಡಗೈಯವರಾದರೆ ಮಾಡಿಸುವಾಗಲೇ ಹೇಳಬೇಕು, ಬಲಗೈಯವರಿಗೆಂದು ಮಾಡಿದ್ದು ನಿಮ್ಮ ಕೈಯಲ್ಲಿ ಗೆರೆ ಬಿಟ್ಟು ಓಡುತ್ತದೆ.

ಉಕ್ಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಬಾಯಿಯ ತೆಳುವಿನ ಬಗ್ಗೆ ಕೇಳುವವರು ಕಡಿಮೆ. ನಾಲ್ಕು ಮಿಲಿಮೀಟರ್ ದಪ್ಪದ ಚರ್ಮ ಸೀಳಿದ ಕೂಡಲೇ ಪಕ್ಕಕ್ಕೆ ಸರಿಯುವುದಿಲ್ಲ. ಅದು ಅಲಗಿನ ಎರಡೂ ಮಗ್ಗುಲನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಬಾಯಿ ಎಷ್ಟೇ ಹರಿತವಿರಲಿ, ಅದರ ಹಿಂದಿನ ಭಾಗ ದಪ್ಪವಾಗಿದ್ದರೆ ಚಾಕು ಬೆಣೆಯಂತೆ ಸಿಕ್ಕಿಕೊಂಡು ನೀವು ಬಲ ಹಾಕುವಂತೆ ಮಾಡುತ್ತದೆ, ಬಲ ಹಾಕಿದಾಗಲೇ ಚಾಕು ಜಾರುವುದು, ಗಾಯವಾಗುವುದು. ಸಾಣೆ ಹಿಡಿಯುವ ಮುನ್ನ ಬಾಯಂಚಿನ ದಪ್ಪ ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು, ಸಾಣೆಯ ಒಟ್ಟು ಕೋನ 20ರಿಂದ 25 ಡಿಗ್ರಿಯೊಳಗಿರಬೇಕು. ಕಾಡಿಗೆ ಒಯ್ಯುವ ಚಾಕುಗಳನ್ನು ಚೆನ್ನಾಗಿ ಮಾಡುವ ಎಷ್ಟೋ ಕಸುಬುದಾರರು ಚರ್ಮದ ಚಾಕುವನ್ನೂ ಅದೇ ದಪ್ಪದಲ್ಲಿ ಮಾಡಿ ಕೊಡುತ್ತಾರೆ. ನೋಡಲು ಗಟ್ಟಿಮುಟ್ಟಾಗಿರುತ್ತದೆ, ಕೆಲಸಕ್ಕೆ ಬಾರದು.

ಇನ್ನು ಉಕ್ಕು. ಸುಮಾರು 0.95 ಶೇಕಡಾ ಇಂಗಾಲವಿರುವ 1095, ಬೇರಿಂಗುಗಳಿಗೆ ಬಳಸುವ 52100, ಎಣ್ಣೆಯಲ್ಲಿ ತಣಿಸುವ ಓ1, ಈ ಮೂರರಲ್ಲಿ ಯಾವುದಾದರೂ ಸಾಕು. ಸುಮಾರು 12 ಶೇಕಡಾ ಕ್ರೋಮಿಯಂ ಇರುವ ಡಿ2 ಹರಿತವನ್ನು ಬಹಳ ಹೊತ್ತು ಉಳಿಸಿಕೊಳ್ಳುತ್ತದೆಯಾದರೂ ಸಾಣೆ ಹಿಡಿಯಲು ಕಷ್ಟ. ಹೆಸರಿಗಿಂತ ಮುಖ್ಯವಾದದ್ದು ಕಾಯಿಸಿ ತಣಿಸಿ ಹದ ಮಾಡಿದ ಬಗೆ. ರಾಕ್‌ವೆಲ್ ಸಿ ಮಾಪನದಲ್ಲಿ ಗಡಸುತನ 60ರಿಂದ 62 ಇದ್ದರೆ ಚರ್ಮಕ್ಕೆ ಹೊಂದುತ್ತದೆ. ಅಲಗಿನ ಮೇಲೆ ಅಲೆ ಅಲೆಯಾಗಿ ಕಾಣುವ ಡಮಾಸ್ಕಸ್ ವಿನ್ಯಾಸಕ್ಕೆ ಹೆಚ್ಚು ಹಣ ಕೊಡುವುದು ಕಣ್ಣಿನ ಸಂತೋಷಕ್ಕಾಗಿ ಮಾತ್ರ. ಹದವನ್ನು ಪರೀಕ್ಷಿಸಲು ಹಳೆಯ ಉಪಾಯವೊಂದಿದೆ: ಹಿತ್ತಾಳೆಯ ಸಣ್ಣ ಸರಳಿನ ಮೇಲೆ ಬಾಯಿಯನ್ನು ಸಾಣೆಯ ಕೋನದಲ್ಲೇ ಇಟ್ಟು ಮೆಲ್ಲಗೆ ಒತ್ತಿದಾಗ ಅಂಚು ತುಸು ಬಾಗಿ ಮತ್ತೆ ನೇರವಾಗಬೇಕು. ಬಾಗಿದ್ದು ಬಾಗಿಯೇ ಉಳಿದರೆ ಉಕ್ಕು ಮೆದು, ಚಕ್ಕೆ ಎದ್ದರೆ ಅತಿ ಗಡಸು. ಆದರೆ ಇದನ್ನು ಮಾರುವವರ ಒಪ್ಪಿಗೆ ಪಡೆದೇ ಮಾಡಿ.

ಪ್ರಶ್ನೆ: ಯಂತ್ರದ ಹ್ಯಾಕ್ಸಾ ಬ್ಲೇಡಿನಿಂದ ನಾನೇ ಒಂದು ಚಾಕು ಮಾಡಿಕೊಳ್ಳಬಹುದೇ? ಸಾಣೆ ಚಕ್ರಕ್ಕೆ ಹಿಡಿದಾಗ ಉಕ್ಕು ನೀಲಿಯಾದರೆ ಹಾಳಾಯಿತೆಂದು ಹೇಳುತ್ತಾರೆ, ನಿಜವೇ?

ಉತ್ತರ: ಮಾಡಿಕೊಳ್ಳಬಹುದು, ಆದರೆ ಬ್ಲೇಡು ಯಾವುದೆಂದು ಮೊದಲು ತಿಳಿದುಕೊಳ್ಳಿ. ಇಡೀ ಪಟ್ಟಿಯೇ ಹೈಸ್ಪೀಡ್ ಉಕ್ಕಿನದಾಗಿದ್ದರೆ, ಅಂದರೆ ಲೋಹ ಕತ್ತರಿಸುವ ಉಪಕರಣಗಳಿಗೆ ಬಳಸುವ ಗಡಸು ಉಕ್ಕಿನದಾಗಿದ್ದರೆ, ಅದು ಉತ್ತಮ ಚಾಕುವಾಗುತ್ತದೆ. ಹಲ್ಲುಗಳ ಅಂಚಿಗೆ ಮಾತ್ರ ಹೈಸ್ಪೀಡ್ ಉಕ್ಕನ್ನು ಬೆಸೆದು ಬೆನ್ನಿಗೆ ಸ್ಪ್ರಿಂಗಿನಂತೆ ಬಾಗುವ ಉಕ್ಕನ್ನು ಹಾಕಿರುವ ಬ್ಲೇಡುಗಳೂ ಇವೆ. ಅವುಗಳ ಬೆನ್ನಿಗೆ ಸಾಣೆ ಹಿಡಿದರೆ ಹರಿತ ನಿಲ್ಲುವುದಿಲ್ಲ. ಬೆನ್ನಿನ ಮೇಲೆ ಅರ ಹಾಕಿ ನೋಡಿ: ಅರ ಕಚ್ಚಿದರೆ ಅದು ಎರಡನೆಯ ಬಗೆ, ಗಾಜಿನ ಮೇಲಿನಂತೆ ಜಾರಿದರೆ ನಿಮಗೆ ಬೇಕಾದ ಬಗೆ.

ನೀಲಿ ಬಣ್ಣದ ಮಾತು ಇಂಗಾಲದ ಉಕ್ಕಿನ ಮಟ್ಟಿಗೆ ನಿಜ. 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೇಲ್ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ, ಆ ಹೊತ್ತಿಗೆ ಬಾಯಿಯ ಗಡಸುತನ ಸಾಕಷ್ಟು ಇಳಿದಿರುತ್ತದೆ. ಹಾಗಾದ ಭಾಗವನ್ನು ತಣ್ಣಗಿನ ಕಲ್ಲಿನ ಮೇಲೆ ಪೂರ್ತಿ ಉಜ್ಜಿ ತೆಗೆಯದೆ ಬೇರೆ ದಾರಿಯಿಲ್ಲ. ಹೈಸ್ಪೀಡ್ ಉಕ್ಕಾದರೋ 500 ಡಿಗ್ರಿಯ ಆಸುಪಾಸಿನವರೆಗೂ ಗಡಸುತನವನ್ನು ಬಿಟ್ಟುಕೊಡುವುದಿಲ್ಲ. ಮನೆಯಲ್ಲಿ ಕುಲುಮೆಯಿಲ್ಲದವರಿಗೆ ಅದು ಒದಗುವುದು ಈ ಕಾರಣಕ್ಕೇ. ಬಿಸಿಯಾದಾಗ ಅದನ್ನು ಥಟ್ಟನೆ ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕುಗಳು ಬೀಳಬಹುದು. ಪಟ್ಟಿಯನ್ನು ಮುರಿಯುವಾಗ ಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡೇ ಮುರಿಯಿರಿ, ಏಕೆಂದರೆ ಈ ಉಕ್ಕು ಬಾಗದೆ ಸಿಡಿಯುತ್ತದೆ. ಸಾಮಾನ್ಯ ಡ್ರಿಲ್‌ನಿಂದ ಇದಕ್ಕೆ ತೂತು ಹಾಕಲಾಗದು. ಹಿಡಿಗೆ ಚರ್ಮದ ಪಟ್ಟಿಯನ್ನು ಅಂಟಿಸಿ ಮೇಣದ ದಾರ ಸುತ್ತಿದರೆ ಸಾಕು.

ಪ್ರಶ್ನೆ: ಹೊಸ ಚಾಕುವಿನಿಂದ ಒದ್ದೆ ಚರ್ಮ ಕತ್ತರಿಸಿದಾಗ ಅಂಚಿನಲ್ಲಿ ಕಪ್ಪು ಕಲೆಗಳು ಬಿದ್ದವು. ಚಾಕುವಿನ ದೋಷವೇ?

ಉತ್ತರ: ದೋಷವಲ್ಲ. ಮರದ ತೊಗಟೆಯ ಒಗರಿನಿಂದ ಹದಮಾಡಿದ ಚರ್ಮದಲ್ಲಿ ಟ್ಯಾನಿನ್ ಇರುತ್ತದೆ. ನೀರಿನ ಸಂಗದಲ್ಲಿ ಅದು ಕಬ್ಬಿಣದೊಂದಿಗೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ, ಹಿಂದಿನ ಕಾಲದ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಚರ್ಮ ಒಣಗಿರುವಾಗಲೇ ಕತ್ತರಿಸಿ, ಆಮೇಲೆ ಒದ್ದೆ ಮಾಡಿ. ಬಿದ್ದಿರುವ ಕಲೆಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣವನ್ನು ಹಚ್ಚಿ ತೊಳೆಯಬಹುದು. ಅದು ವಿಷ, ಕೈಗವಸು ಬೇಕು, ತುಂಡು ಚರ್ಮದ ಮೇಲೆ ಮೊದಲು ಪರೀಕ್ಷಿಸಬೇಕು.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ಕಲ್ಲಿನ ಮೇಲೆ ಸಾಣೆ ಹಿಡಿಯಬೇಕು?

ಉತ್ತರ: ದಿನಗಳ ಲೆಕ್ಕ ಬೇಡ. ಹಲಗೆಗೆ ಅಂಟಿಸಿದ ಚರ್ಮದ ಮೇಲೆ ಹಸಿರು ಕ್ರೋಮಿಯಂ ಆಕ್ಸೈಡ್ ಸವರಿಕೊಂಡು, ಬಾಯಿ ಹಿಂದಾಗಿ ಬೆನ್ನು ಮುಂದಾಗಿ ಎಳೆಯುತ್ತ ಕೆಲಸದ ನಡುನಡುವೆ ಮಸೆಯುತ್ತಿರಿ. ಎಳೆತ ನಿಲ್ಲುವ ಮುನ್ನವೇ ಚಾಕುವನ್ನು ಎತ್ತಿ ತಿರುಗಿಸಿದರೆ ಬಾಯಿ ದುಂಡಾಗುತ್ತದೆ, ಮಸೆದಷ್ಟೂ ಮೊಂಡಾಯಿತೆಂದು ದೂರುವವರಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಎಳೆತ ನಿಂತ ಮೇಲೆಯೇ ಎತ್ತಿ. ಹೀಗೆ ಮಸೆದರೂ ಅಂಚು ಹೆರೆಯುವಾಗ ಚರ್ಮ ಸುಕ್ಕಾಗಿ ಮುಂದಕ್ಕೆ ಸರಿಯತೊಡಗಿದರೆ, ಅಥವಾ ದೀಪದ ಕೆಳಗೆ ಬಾಯಿಯುದ್ದಕ್ಕೂ ಎಲ್ಲಾದರೂ ಬೆಳ್ಳಿಗೆರೆ ಹೊಳೆದರೆ ಕಲ್ಲಿಗೆ ಹೋಗಿ: ಮೊದಲು 1000ದ ಕಲ್ಲು, ಆಮೇಲೆ 4000 ಅಥವಾ ಅದಕ್ಕೂ ನಯವಾದದ್ದು (ಈ ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಒಂದೇ ಮಗ್ಗುಲಿನ ಇಳಿಜಾರಿನ ಚಾಕುವಾದರೆ ಸಮತಟ್ಟಾದ ಹಿಂಬದಿಯನ್ನು ಕಲ್ಲಿಗೆ ಪೂರ್ತಿ ಒರಗಿಸಿಯೇ ಉಜ್ಜಿ. ಅಲ್ಲಿ ಕೂದಲೆಳೆಯಷ್ಟು ಎತ್ತಿದರೂ ಚಾಕು ನೇರ ಗೆರೆಯಲ್ಲಿ ಓಡುವುದನ್ನು ನಿಲ್ಲಿಸುತ್ತದೆ. ಕತ್ತರಿಸುವಾಗ ಕೆಳಗೆ ಪಾಲಿಥೀನ್ ಹಲಗೆ ಅಥವಾ ಮರದ ಕೊರಡಿರಲಿ. ಅಂಚು ಹೆರೆಯುವುದಕ್ಕೆ ಮಾತ್ರ ಗಾಜು ಅಥವಾ ನಯವಾದ ಕಲ್ಲು ಸರಿ, ಅಲ್ಲಿ ಅಲಗು ಮಲಗಿಕೊಂಡೇ ಸಾಗುವುದರಿಂದ ಬಾಯಿಗೆ ಅಷ್ಟಾಗಿ ಪೆಟ್ಟು ಬೀಳುವುದಿಲ್ಲ.