ಒಬ್ಬರೇ ಕೇದಾರಕ್ಕೆ ನಡೆಯುವುದಾದರೆ

ಋಷಿಕೇಶದಿಂದ ಕೇದಾರಕ್ಕೆ ಒಬ್ಬನೇ ನಡೆದು ಹೋಗಬಹುದಾ, ಶಿವನ ಮೇಲೆ ಭಾರ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ ಸರ್. ಯಾತ್ರೆಯ ನೋಂದಣಿ ಮೊದಲೇ ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ, ಗುಡ್ಡ ಕುಸಿಯುತ್ತದೆ.

ನಿಜವಾದ ಪರೀಕ್ಷೆ ವಾಹನದ ರಸ್ತೆ ಮುಗಿಯುವ ಗೌರಿಕುಂಡದ ನಂತರ. 2013ರ ಪ್ರವಾಹದಲ್ಲಿ ದಾರಿಯ ತಂಗುದಾಣ ರಾಂಬಾಡಾ ಕೊಚ್ಚಿಹೋಯಿತು. ಈಗಿನ ದಾರಿ ಅಲ್ಲಿಂದ ಮಂದಾಕಿನಿ ನದಿಯ ಆಚೆ ದಡ ಹಿಡಿದು ಕಡಿದಾಗಿ ಏರುತ್ತದೆ. ಕೇದಾರ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ತಲೆನೋವು, ವಾಕರಿಕೆ ಶುರುವಾದರೆ ದಾರಿಯಲ್ಲಿ ಸಿಗುವ ಲಿಂಚೋಲಿಯಲ್ಲೇ ನಿಲ್ಲಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಅದರಿಂದ ಭಕ್ತಿಗೇನೂ ಕುಂದಿಲ್ಲ. ನಾನು ಉಸಿರಿಗೊಂದರಂತೆ ‘ನಮಃ ಶಿವಾಯ’ ಹೇಳುತ್ತಾ ಹತ್ತಿದೆ. ಏದುಸಿರು ಬಂದಾಗೆಲ್ಲ ಮಂತ್ರ ತಪ್ಪುತ್ತಿತ್ತು, ಕಾಲು ತಾನಾಗಿ ನಿಧಾನವಾಗುತ್ತಿತ್ತು.

ಊಖೀಮಠ ತಪ್ಪಿಸಬೇಡಿ. ಚಳಿಗಾಲದಲ್ಲಿ ಕೇದಾರನಿಗೆ ಪೂಜೆ ಅಲ್ಲೇ, ಅರ್ಚಕರಲ್ಲಿ ನಮ್ಮ ಕಡೆಯ ವೀರಶೈವ ಜಂಗಮರಿದ್ದಾರೆ. ಕನ್ನಡದಲ್ಲೇ ಮಾತಾಡಿಸಿ ನೋಡಿ.