ಚಪ್ಪಲಿ ಸ್ಟ್ಯಾಂಡ್ ಕೊಳೆಯುವುದು ಮಳೆಗಲ್ಲ, ನಿಂತ ನೀರಿಗೆ

ಪೇಟೆಯಿಂದ ತಂದ ಪ್ಲೈವುಡ್ಡಿನ ಸ್ಟ್ಯಾಂಡ್ ಒಂದೇ ಮಳೆಗಾಲಕ್ಕೆ ಪೂರಿಯಂತೆ ಉಬ್ಬಿತು ಎಂದು ಬರೆದಿದ್ದೀರಿ. ಮಲೆನಾಡಿನ ಸಾಗರ ಊರಿನ ಹತ್ತಿರ ಮನೆ, ಜಗಲಿಯ ಹೊರಗೆ ಇರಚಲು ಹೊಡೆಯುವ ಜಾಗ, ಮನೆಯಲ್ಲಿ ಐದು ಜನ, ತೋಟದ ಗಂಬೂಟು ಬೇರೆ. ಕೈಯಲ್ಲಿ ಒಂದು ಗರಗಸ, ಒಂದು ಡ್ರಿಲ್ ಇದೆ, ಕುಶಲ ಬಡಗಿ ಅಲ್ಲ, ಯಾವ ಮರ ತರಲಿ, ಯಾವ ಬಣ್ಣ ಹೊಡೆಯಲಿ ಎಂಬುದು ಪ್ರಶ್ನೆ. ಮೇಲೆ ಉತ್ತರಿಸಿದವರೆಲ್ಲ ಮರ ಮತ್ತು ಬಣ್ಣದ ಬಗ್ಗೆಯೇ ಹೇಳಿದ್ದಾರೆ. ನಾನು ಬೇರೆ ಕಡೆಯಿಂದ ಶುರುಮಾಡುತ್ತೇನೆ, ಏಕೆಂದರೆ ಒಳ್ಳೆಯ ಮರವನ್ನೇ ತಂದು, ಮೂರು ಕೋಟು ವಾರ್ನಿಷ್ ಹೊಡೆದು, ಎರಡನೇ ವರ್ಷಕ್ಕೆ ಒಲೆಗೆ ಹಾಕಿದವನು ನಾನು.

ಆ ಸ್ಟ್ಯಾಂಡನ್ನು ಒಡೆಯುವಾಗ ನೋಡಿದ್ದು ಹೇಳುತ್ತೇನೆ. ಮಳೆ ನೇರವಾಗಿ ಬೀಳುತ್ತಿದ್ದ ಮುಂದಿನ ಪಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು, ಆದರೆ ಗಟ್ಟಿಯಾಗಿಯೇ ಇತ್ತು. ಹಲಗೆಯ ಮೇಲೆ ಹಲಗೆ ಕೂತ ಜಾಗದಲ್ಲಿ, ನಾನು ಬಹಳ ಅಂದವಾಗಿ ಜೋಡಿಸಿದ್ದೇನೆ ಎಂದು ಬೀಗುತ್ತಿದ್ದ ಅದೇ ಸಂದಿಯಲ್ಲಿ, ಸ್ಕ್ರೂಡ್ರೈವರ್ ಒತ್ತಿದರೆ ಬೆಲ್ಲದ ಪಾಕದೊಳಗೆ ಹೋದಂತೆ ಹೋಯಿತು. ಕಾಲುಗಳ ಬುಡ ಎರಡು ಇಂಚಿನಷ್ಟು ಕಪ್ಪಾಗಿ ಸ್ಪಂಜಿನಂತಾಗಿತ್ತು. ಅಂದರೆ ಮಳೆ ಬಿದ್ದ ಜಾಗ ಉಳಿದಿತ್ತು, ನೀರು ನಿಂತ ಜಾಗ ಹೋಗಿತ್ತು.

ಕಾರಣ ಸರಳ. ಮರದ ತೇವಾಂಶ ಶೇ. 20ರೊಳಗೆ ಇರುವವರೆಗೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ನಮ್ಮ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಬರೀ ಗಾಳಿಯ ತೇವಕ್ಕೇ ಮರ ಆ ಗೆರೆಯ ಹತ್ತಿರ ಬಂದು ನಿಂತಿರುತ್ತದೆ. ಮೇಲಿಂದ ಒಂದು ಚಮಚ ನೀರು ಸಂದಿಯಲ್ಲಿ ಕೂತರೂ ಸಾಕು, ಅದು ದೀಪಾವಳಿಯವರೆಗೆ ಆರುವುದಿಲ್ಲ. ಆದ್ದರಿಂದ ನೀರು ತಾಗದಂತೆ ಮಾಡುವ ಆಸೆ ಬಿಡಿ. ತಾಗಿದ ನೀರು ಇಳಿದು ಹೋಗುವಂತೆ, ಎಲ್ಲ ಕಡೆಯಿಂದ ಗಾಳಿ ಆಡುವಂತೆ ಮಾಡಿ. ಬಾಗಿಲು ಬೇಡ, ಹಿಂಬದಿಗೆ ಹಲಗೆ ಬೇಡ, ಬದಿಗಳನ್ನು ಮುಚ್ಚುವುದೂ ಬೇಡ.

ಈಗ ಮರದ ಮಾತು. ಮರೈನ್ ಪ್ಲೈ ತನ್ನಿ ಎಂದವರೊಬ್ಬರಿದ್ದಾರೆ. ಅದರ ಮೇಲಿನ ಐಎಸ್ 710 ಮುದ್ರೆಯ ಅರ್ಥ ಅಂಟು ಕುದಿಯುವ ನೀರಿಗೂ ಬಿಡುವುದಿಲ್ಲ ಎಂದು. ಅಂಟು ಬಿಡುವುದಿಲ್ಲ ನಿಜ, ಆದರೆ ನೀವು ಕೊಯ್ದ ಅಂಚು ನೀರು ಕುಡಿಯುವುದನ್ನು ಆ ಮುದ್ರೆ ತಡೆಯುವುದಿಲ್ಲ. ಇನ್ನೊಬ್ಬರು ಸರಕಿನ ಪ್ಯಾಲೆಟ್ ಒಡೆದು ಮಾಡಿ ಎಂದಿದ್ದಾರೆ. ಅದರ ಮೇಲೆ ಎಚ್‌ಟಿ ಎಂದು ಇದ್ದರೆ ಮರದ ಒಳಭಾಗವನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದು ಅರ್ಥ. ಅದು ಹುಳ ಸಾಯಿಸಲು ಮಾಡಿದ್ದು, ಕೊಳೆ ತಡೆಯಲು ಅಲ್ಲ. ಎಂಬಿ ಎಂದಿದ್ದರೆ ವಿಷದ ಹೊಗೆ ಕೊಟ್ಟದ್ದು, ಅದನ್ನು ಮನೆಗೆ ತರಲೇಬೇಡಿ. ರಬ್ಬರ್ ಮರವೂ ಹೊರಗಿನ ಕೆಲಸಕ್ಕೆ ಆಗದು. ಹುಳ, ಕೊಳೆ ಹಿಡಿಯದಂತೆ ಅದಕ್ಕೆ ಉಣಿಸುವ ಬೋರಾನ್ ಮದ್ದು ಮಳೆನೀರಿಗೆ ತೊಳೆದು ಹೋಗುತ್ತದೆ.

ನನ್ನ ಸಲಹೆ: ಹೊಸ ಮರ ಕೊಳ್ಳಬೇಡಿ. ನಿಮ್ಮ ಸುತ್ತಮುತ್ತ ಯಾರಾದರೂ ಹಂಚು ಇಳಿಸಿ ಶೀಟು ಹಾಕಿಸುತ್ತಲೇ ಇರುತ್ತಾರೆ. ಅವರ ಹಿತ್ತಲಲ್ಲಿ ಹಳೆಯ ಪಕಾಸಿ (ಮಾಡು ಹೊರುವ ಓರೆ ತೊಲೆ) ಮತ್ತು ರೀಪು (ಅದರ ಮೇಲೆ ಹಂಚು ಕೂರಿಸುವ ಪಟ್ಟಿ) ರಾಶಿ ಬಿದ್ದಿರುತ್ತದೆ. ಹತ್ತಾರು ವರ್ಷ ಒಲೆಯ ಹೊಗೆ ಕುಡಿದು ಒಣಗಿದ ಮರ ಅದು. ಬಗ್ಗಬೇಕಾದಷ್ಟು ಬಗ್ಗಿ, ಸೀಳಬೇಕಾದಷ್ಟು ಸೀಳಿ ಮುಗಿದಿರುತ್ತದೆ. ಎರಡು ಇಂಚು ಅಗಲ, ಒಂದು ಇಂಚು ದಪ್ಪದ ರೀಪೇ ನಿಮ್ಮ ಪಟ್ಟಿ, ಪಕಾಸಿಯೇ ಕಾಲು. ಕೀಸುಳಿ ಹಿಡಿಯುವ ಕೆಲಸವೂ ಅರ್ಧ ಉಳಿಯಿತು. ಆರಿಸುವಾಗ ಒಂದು ತುದಿಯನ್ನು ಕಲ್ಲಿಗೆ ಕುಟ್ಟಿ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಕುಟ್ಟೆ ಹುಳ ಇನ್ನೂ ಜೀವಂತ, ಅದನ್ನು ಬಿಟ್ಟುಬಿಡಿ. ಇನ್ನೊಂದು ತುದಿಯನ್ನು ಹೊಸದಾಗಿ ಕೊಯ್ದು ನೋಡಿ: ಹೊರಗಿನ ಬಿಳಿ ಎಷ್ಟು, ಒಳಗಿನ ಚೇಗು, ಅಂದರೆ ಬಲಿತ ಗಟ್ಟಿ ತಿರುಳು, ಎಷ್ಟು ಎಂದು ತಿಳಿಯುತ್ತದೆ. ಹೆಸರುವಾಸಿ ತೇಗದ ಬಿಳಿಗಿಂತ ಹಲಸಿನ ಚೇಗು ಎಷ್ಟೋ ಮೇಲು. ಗರಗಸ ಇಡುವ ಮೊದಲು ಒಂದು ಅಯಸ್ಕಾಂತವನ್ನು ಪಟ್ಟಿಯುದ್ದಕ್ಕೂ ಎಳೆಯಿರಿ. ತಲೆ ಮುರಿದ ಮೊಳೆ ಒಳಗೆ ಅಡಗಿರುತ್ತದೆ, ಹೊಸ ಗರಗಸದ ಹಲ್ಲು ಹೋದಾಗಲೇ ಅದು ಕಾಣಿಸುವುದು.

ರೀಪು ಸಿಗದಿದ್ದರೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ, ಇದ್ದೇ ಇದೆ. ಬಲಿತ ಮರದ ಬುಡದ ಕಡೆಯ ದಬ್ಬೆ, ಒಳಗಿನ ಮೆತ್ತನೆಯ ಭಾಗವನ್ನು ಪೂರ್ತಿ ಕೆತ್ತಿ ತೆಗೆದದ್ದು. ನೆಲಕ್ಕೆ ತಾಗದಿದ್ದರೆ ಚೆನ್ನಾಗಿ ಬಾಳುತ್ತದೆ. ಅಂಚನ್ನು ಮಾತ್ರ ಮರಳು ಕಾಗದದಿಂದ ತಾಳ್ಮೆಯಿಂದ ಉಜ್ಜಿ, ಅಡಿಕೆಯ ಸಿಬಿರು ಬೆರಳಿಗೆ ಹೊಕ್ಕರೆ ವಾರವಿಡೀ ನೆನಪಿಸುತ್ತದೆ.

ಅಳತೆ ಹೀಗಿಟ್ಟುಕೊಳ್ಳಿ. ಹೊರಗಿನಿಂದ ಹೊರಗೆ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಮೂರು ಅಂತಸ್ತು. ಎರಡು ಇಂಚು ಚೌಕದ ನಾಲ್ಕು ಕಾಲು. ಹಿಂದಿನವು 26 ಇಂಚು, ಮುಂದಿನವು ಇಪ್ಪತ್ತೈದೂವರೆ. ಆ ಅರ್ಧ ಇಂಚಿನ ವ್ಯತ್ಯಾಸವೇ ನಿಮ್ಮ ನೀರಿನ ಇಳಿಜಾರು. ಚಪ್ಪಲಿ ಜಾರುವುದಿಲ್ಲ, ನೀರು ಗೋಡೆಯ ಕಡೆ ಹೋಗುವುದಿಲ್ಲ. ಮುಂದಿನ ಒಂದು ಕಾಲು, ಹಿಂದಿನ ಒಂದು ಕಾಲು ಸೇರಿಸಿ, ಒಳಮೈಗೆ ಒಂದು ಅಡಿ ಉದ್ದದ ಮೂರು ಅಡ್ಡಪಟ್ಟಿಗಳನ್ನು, ರೀಪಿನ ಅಗಲದ ಮುಖ ಕಾಲಿಗೆ ತಾಗುವಂತೆ ನಿಲ್ಲಿಸಿ, ಹೊಡೆಯಿರಿ. ಇದು ಏಣಿಯಂತೆ ಕಾಣುತ್ತದೆ, ಇಂಥವು ಎರಡು. ಕೆಳಗಿನ ಅಡ್ಡಪಟ್ಟಿಯ ಮೇಲಂಚು ನೆಲದಿಂದ ಒಂಬತ್ತು ಇಂಚು, ನಡುವಿನದು ಹದಿನೇಳು, ಮೇಲಿನದು ಕಾಲಿನ ತುದಿಗೆ ಸಮ. ಮೂರಕ್ಕೂ ಮುಂದಿನ ತುದಿ ಅರ್ಧ ಇಂಚು ಕೆಳಗೆ ಇರಲಿ.

ಪಟ್ಟಿಗಳು ಅಂತಸ್ತಿಗೆ ಐದು. ಐದು ಪಟ್ಟಿಗೆ ಹತ್ತು ಇಂಚಾಯಿತು, ನಡುವಿನ ನಾಲ್ಕು ಸಂದಿಗೆ ಅರ್ಧರ್ಧ ಇಂಚಿನಂತೆ ಎರಡು ಇಂಚು, ಒಟ್ಟು ಒಂದು ಅಡಿ. ಸಂದಿಯನ್ನು ಅಳೆಯುತ್ತ ಕೂರಬೇಡಿ, ಅರ್ಧ ಇಂಚಿನ ಒಂದು ಚೂರನ್ನು ನಡುವೆ ಇಟ್ಟು ಹೊಡೆಯುತ್ತ ಹೋಗಿ. ಕೆಳಗಿನ ಎರಡು ಅಂತಸ್ತಿನ ಪಟ್ಟಿಗಳು ಕಾಲುಗಳ ನಡುವೆ ಬರುತ್ತವೆ, ಅಲ್ಲಿ 32 ಇಂಚು ಜಾಗವಿದೆ. ನೀವು ಮೂವತ್ತೊಂದೂವರೆಗೆ ಕೊಯ್ಯಿರಿ. ಎರಡೂ ತುದಿಯಲ್ಲಿ ಕಾಲಿಗೂ ಪಟ್ಟಿಗೂ ನಡುವೆ ಕಾಲು ಇಂಚು ಬೆಳಕು ಕಾಣಬೇಕು. ಇದು ನೋಡಲು ಅಂದಗೆಟ್ಟ ಕೆಲಸದಂತೆ ಅನ್ನಿಸುತ್ತದೆ, ನನ್ನ ಹೆಂಡತಿಯೂ ಹಾಗೆಯೇ ಹೇಳಿದಳು. ಆದರೆ ಮರದ ನಾರು ಕಡಿದ ತುದಿ ಮೈಗಿಂತ ಎಷ್ಟೋ ಪಟ್ಟು ಬೇಗ ನೀರು ಹೀರುತ್ತದೆ, ಆ ತುದಿಯನ್ನು ಇನ್ನೊಂದು ಮರಕ್ಕೆ ಒತ್ತಿ ಇಟ್ಟರೆ ನನ್ನ ಹಳೆಯ ಸ್ಟ್ಯಾಂಡಿನ ಕಥೆಯೇ ಮರುಕಳಿಸುತ್ತದೆ. ಮೇಲಿನ ಅಂತಸ್ತಿನ ಐದು ಪಟ್ಟಿಗಳು ಮಾತ್ರ 38 ಇಂಚು. ಅವು ಕಾಲುಗಳ ತಲೆಯ ಮೇಲೆ ಹಾದು ಎರಡೂ ಬದಿಗೆ ಒಂದೊಂದು ಇಂಚು ಹೊರಗೆ ಬರಲಿ. ಕಾಲಿನ ತಲೆಗೆ ಅದೇ ಕೊಡೆ.

ಹಿಂಬದಿಗೆ ಒಂದು ಕಾಲಿನ ಬುಡದ ಕಡೆಯಿಂದ ಇನ್ನೊಂದರ ತಲೆಯ ಕಡೆಗೆ ಓರೆಯಾಗಿ ಒಂದೇ ಒಂದು ರೀಪು ಹೊಡೆಯಿರಿ. ಇದನ್ನು ಮರೆತವರ ಸ್ಟ್ಯಾಂಡು ಮಕ್ಕಳು ಒರಗಿದ ಕೂಡಲೇ ಕುಡಿದವನಂತೆ ಬದಿಗೆ ವಾಲುತ್ತದೆ. ಎಲ್ಲ ಸೇರಿ ರೀಪು ಐವತ್ತೆರಡು ಅಡಿಯಷ್ಟು ಬೇಕು, ಸೀಳಿದ್ದು ಮುರಿದದ್ದು ಬಿಟ್ಟು ಎಣಿಸಲು 60 ಅಡಿ ತನ್ನಿ. ಪಕಾಸಿ ಹತ್ತು ಅಡಿ ಸಾಕು. ಒಂದು ಅಂತಸ್ತಿಗೆ ಮೂರು ಜೊತೆ ಧಾರಾಳವಾಗಿ, ಒತ್ತಿ ಇಟ್ಟರೆ ನಾಲ್ಕು ಜೊತೆ ಹಿಡಿಯುತ್ತದೆ.

ಮೊಳೆ ಹೊಡೆಯಬೇಡಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದರಲ್ಲ, ಒಗರಿರುವ ಒದ್ದೆ ಮರಕ್ಕೆ ಕಬ್ಬಿಣದ ಮೊಳೆ ಹೊಡೆದರೂ ಅದೇ ಆಗುತ್ತದೆ. ಮೊದಲು ಮೊಳೆಯ ಸುತ್ತ ಕಪ್ಪು, ಆಮೇಲೆ ಮೊಳೆ ಸಡಿಲ. ಪಟ್ಟಿಗೆ ಎರಡು ಇಂಚಿನದು, ಕಾಲಿಗೆ ಎರಡೂವರೆಯದು. ಒಟ್ಟು ಅರವತ್ತು ಸ್ಕ್ರೂ ಸಾಕು. ಹಳೆಯ ಮರ ಕಬ್ಬಿಣದಂತೆ ಗಟ್ಟಿ, ಮೂರು ಮಿಲಿಮೀಟರ್ ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಒಂದೋ ಪಟ್ಟಿಯ ತುದಿ ಸೀಳುತ್ತದೆ, ಇಲ್ಲವೇ ಸ್ಕ್ರೂವಿನ ಕತ್ತು ಮುರಿಯುತ್ತದೆ. ಸ್ಕ್ರೂವನ್ನು ಬಟ್ಟೆ ಸೋಪಿಗೆ ಒಮ್ಮೆ ಉಜ್ಜಿಕೊಳ್ಳಿ, ಸಲೀಸಾಗಿ ಇಳಿಯುತ್ತದೆ.

ಬಣ್ಣಕ್ಕೆ ಬಂದೆ. ಹೊಳೆಯುವ ವಾರ್ನಿಷ್ ಬೇಡ. ಅದು ಮರದ ಮೇಲೆ ಪದರವಾಗಿ ಕೂರುತ್ತದೆ, ಬೇಸಗೆಯ ಬಿಸಿಲಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ನಾನು ಈಗ ಬಳಸುವುದು ಕಾಯಿಸಿದ ಅಗಸೆ ಎಣ್ಣೆ, ಮೊದಲ ಕೋಟಿಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ, ಆಮೇಲಿನ ಎರಡು ಕೋಟು ಹಾಗೆಯೇ. ಹಸಿ ಅಗಸೆ ಎಣ್ಣೆ ತರಬೇಡಿ, ಬೂಷ್ಟಿಗೆ ಅದೇ ಊಟವಾಗುತ್ತದೆ. ಪಟ್ಟಿಗಳನ್ನು ಜೋಡಿಸುವ ಮೊದಲೇ ಎಣ್ಣೆ ಹಚ್ಚಿ, ಕೊಯ್ದ ತುದಿಗಳಿಗೆ ಹೀರುವಷ್ಟು ಕುಡಿಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹರಡಿ ಒಣಗಿಸಿ, ಆಮೇಲೆ ಬಿಸಾಡಿ. ಇದೆಲ್ಲ ಶಿವರಾತ್ರಿಯಿಂದ ಯುಗಾದಿಯ ಒಳಗೆ ಮುಗಿಸುವ ಕೆಲಸ. ಮೇ ಕೊನೆಯಲ್ಲಿ ಮೋಡ ನೋಡಿ ಎಣ್ಣೆ ಹಚ್ಚಲು ಹೊರಟರೆ ಅದು ಅಂಟಂಟಾಗಿಯೇ ಉಳಿಯುತ್ತದೆ.

ಕಾಲಿನ ಬುಡಕ್ಕೆ ಮಾತ್ರ ಗೇರು ಎಣ್ಣೆ, ಬೀಜದ ಸಿಪ್ಪೆಯಿಂದ ತೆಗೆದ ಆ ಕರಿ ಎಣ್ಣೆ. ಒಂದು ಡಬ್ಬಿಯಲ್ಲಿ ಎರಡು ಇಂಚು ಹಾಕಿ ಕಾಲುಗಳನ್ನು ರಾತ್ರಿಯಿಡೀ ನಿಲ್ಲಿಸಿಬಿಡಿ. ಗೆದ್ದಲಿಗೂ ಕೊಳೆಗೂ ನಮ್ಮ ಕಡೆಯ ಹಳೆಯ ಮದ್ದು. ಕೈಗೆ ರಬ್ಬರ್ ಗವಸು ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟಂತೆ ಬೊಕ್ಕೆ ಏಳುತ್ತದೆ. ಚಪ್ಪಲಿ ಇಡುವ ಪಟ್ಟಿಗಳಿಗೆ ಅದನ್ನು ಹಚ್ಚದಿರುವುದು ಇದೇ ಕಾರಣಕ್ಕೆ. ಕಾಲಿನ ಅಡಿಗೆ ಗ್ರಾನೈಟಿನ ಒಂದೊಂದು ಚೂರು ಕೊಡಿ, ಟೈಲ್ಸ್ ಅಂಗಡಿಯ ಹಿಂದೆ ಪುಕ್ಕಟೆ ಸಿಗುತ್ತದೆ. ಗೋಡೆಯಿಂದ ಮೂರು ಇಂಚು ಬಿಟ್ಟು ಇಡಿ. ಗೆದ್ದಲು ಬಂದರೂ ಮಣ್ಣಿನ ಗೆರೆ ಕಣ್ಣಿಗೆ ಕಾಣಬೇಕು.

ಗಂಬೂಟನ್ನು ಈ ಸ್ಟ್ಯಾಂಡಿನಲ್ಲಿ ಇಡಬೇಡಿ. ಎರಡು ವರ್ಷದ ಹಿಂದೆ ಆಷಾಢದ ಒಂದು ಬೆಳಗ್ಗೆ ತೋಟಕ್ಕೆ ಔಷಧಿ ಹೊಡೆಯುವವರು ಬಂದು ಕಾಯುತ್ತಿದ್ದರು. ಅವಸರದಲ್ಲಿ ಜಗಲಿಯಲ್ಲಿ ನಿಂತಿದ್ದ ಬೂಟಿನೊಳಗೆ ಕಾಲು ತುರುಕಿದೆ. ಬೆರಳಿಗೆ ತಣ್ಣಗೆ, ಮೆತ್ತಗೆ ಏನೋ ತಾಗಿ ಮಿಸುಕಿತು. ಬೂಟನ್ನು ಅಂಗಳಕ್ಕೆ ಒದ್ದು ಕುಂಟುತ್ತ ದೂರ ನಿಂತು ನೋಡಿದರೆ, ಮುಷ್ಟಿ ಗಾತ್ರದ ಒಂದು ಕಪ್ಪೆ ನಿಧಾನವಾಗಿ ಹೊರಬಂದು, ನನ್ನನ್ನು ಒಮ್ಮೆ ನೋಡಿ, ಹೂವಿನ ಕುಂಡದ ಕಡೆ ಹೋಯಿತು. ಔಷಧಿ ಹೊಡೆಯುವವರು ಈಗಲೂ ಬಂದಾಗಲೆಲ್ಲ ಕಪ್ಪೆಯ ಕ್ಷೇಮ ವಿಚಾರಿಸುತ್ತಾರೆ. ಕಪ್ಪೆ ಬಂದಲ್ಲಿಗೆ ಅದನ್ನು ಹುಡುಕಿಕೊಂಡು ಬರುವವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಕೆಳ ಅಂತಸ್ತನ್ನು ಒಂಬತ್ತು ಇಂಚು ಎತ್ತರಿಸಿದ್ದೂ ಅಡಿಯಲ್ಲಿ ಹಿಡಿಸುಡಿ (ಪೊರಕೆ) ಆಡಲಿ ಎಂದು ಮಾತ್ರವಲ್ಲ, ರಾತ್ರಿ ಬ್ಯಾಟರಿ ಬಿಟ್ಟರೆ ಅಡಿ ಪೂರ್ತಿ ಕಾಣಲಿ ಎಂದು.

ಬೂಟಿಗೆ ಬೇರೆಯೇ ಒಂದು ವ್ಯವಸ್ಥೆ: ಉಳಿದ ಪಕಾಸಿ ತುಂಡಿಗೆ ಏಳು ಇಂಚಿಗೊಂದರಂತೆ ಸ್ವಲ್ಪ ಓರೆಯಾಗಿ ತೂತು ಕೊರೆದು, ಹದಿನೈದು ಇಂಚಿನ ಬಿದಿರಿನ ಗೂಟ ಸಿಕ್ಕಿಸಿ. ಬೂಟನ್ನು ತಲೆಕೆಳಗಾಗಿ ಅದಕ್ಕೆ ತೊಡಿಸಿ. ನೀರೂ ಇಳಿಯುತ್ತದೆ, ಕಪ್ಪೆಗೂ ಬಾಗಿಲು ಮುಚ್ಚಿದಂತೆ. ಗೂಟದ ಮೇಲ್ತುದಿಯನ್ನು ಗಂಟಿಗೆ ತಾಗಿ ಅದರ ಮೇಲುಗಡೆಯೇ ಕೊಯ್ಯಿರಿ, ಇಲ್ಲದಿದ್ದರೆ ಟೊಳ್ಳಿನೊಳಗೆ ನೀರು ನಿಂತು ಸೊಳ್ಳೆ ಸಾಕಿದಂತಾಗುತ್ತದೆ.

ಮೇಲೆ ಒಂದು ಶೀಟಿನ ಮಾಡು ಬೇಕೇ ಎಂದೂ ಕೇಳಿದ್ದೀರಿ. ಜಗಲಿಯ ಮಾಡು ಎರಡು ಅಡಿಯಾದರೂ ಮುಂದೆ ಚಾಚಿದ್ದರೆ ಬೇಡ. ಇರಚಲು ಓರೆಯಾಗಿ ಬರುತ್ತದೆ, ಸ್ಟ್ಯಾಂಡಿನ ತಲೆಯ ಮೇಲಿನ ಮಾಡು ಅದನ್ನು ತಡೆಯುವುದಿಲ್ಲ, ಗಾಳಿಯನ್ನು ಮಾತ್ರ ತಡೆಯುತ್ತದೆ. ರೀಪು ಸಿಕ್ಕ ಮೇಲೆ ಅಡ್ಡ ಕೊಯ್ದ ಒಂದು ತುದಿಯ ಫೋಟೋ ಇಲ್ಲಿ ಹಾಕಿ, ಒಣಗಿದ್ದಾಗ ಒಂದು, ನೀರು ಸವರಿ ಒಂದು. ಚೇಗು ಎಷ್ಟಿದೆ ಎಂದು ನೋಡಿ ಹೇಳುತ್ತೇನೆ.